ಹತ್ತರಿಂದ ಹಿಡಿದ ಟೇಪು

ನಾನು ಹುಟ್ಟಿದ್ದು ದರ್ಜಿಯ ಕೊರಳಿಗೆಂದು, ಬದುಕಿದ್ದು ಮರಗಳ ಸೊಂಟ ಸುತ್ತುತ್ತ. ಒಂದೂವರೆ ಮೀಟರಿನ ಹಳದಿ ಅಳತೆ ಟೇಪು ನಾನು. ಹುಬ್ಬಳ್ಳಿಯ ಗುಂಡಿ-ದಾರದ ಅಂಗಡಿಯಲ್ಲಿ ನೇತಾಡುತ್ತಿದ್ದ ನನ್ನನ್ನು ಕಲಘಟಗಿ ಕಡೆಯ ಮರ ಬೆಳೆಗಾರರ ಸಹಕಾರಿ ಸಂಘದವರು ಕೊಂಡೊಯ್ದರು. ರೇಷ್ಮೆ ರವಿಕೆಗಳ ಕನಸು ಕಾಣುತ್ತಿದ್ದೆ. ಮೊದಲ ದಿನವೇ ಸಾಗವಾನಿಯ ತೊಗಟೆ ಮೈ ತರಚಿತು.

ನನ್ನ ಒಡತಿ ಫಕೀರವ್ವ, ಸಂಘದಲ್ಲಿ ಮರ ಅಳೆಯುವವಳು. ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಒಂದು ಬಿಳಿ ಪಟ್ಟೆ ಬಳಿದಿತ್ತು. ಎರಡು ವರ್ಷಕ್ಕೊಮ್ಮೆ ಅದರ ಮೇಲೆ ನನ್ನನ್ನು ಸುತ್ತಿ ಅವಳು ಅಂಕಿ ಕೂಗುವಳು, ಕಾರ್ಯದರ್ಶಿ ಅಡಿವೆಪ್ಪ ಬರೆದುಕೊಳ್ಳುವನು. ಮರ ದಪ್ಪವಾದಷ್ಟೂ ಅದು ಗಾಳಿಯಿಂದ ಹೀರಿದ ಇಂಗಾಲ ಹೆಚ್ಚು ಎಂಬುದು ಲೆಕ್ಕ. ಸಂಘದ ಮರ ಕೊಯ್ಯುವ ಮಿಲ್ಲು, ಲಾರಿಗಳು ಉಗುಳಿದ್ದನ್ನೆಲ್ಲ ಸಂಘದ ಮರಗಳೇ ಹೀರಬೇಕೆಂಬ ಗುರಿಯಿತ್ತು. ಗುರಿ ದಾಟಿದರೆ ಮಾತ್ರ ಊರ ಕೆರೆಯಾಚೆಯ ಹಳೇ ಸಾಗವಾನಿಗಳಿಗೆ ಕೊಡಲಿ ಹಾಕಬಹುದೆಂಬ ನಿಯಮ. ಗುರಿ ಎಂದೂ ದಾಟಲಿಲ್ಲ. ಆ ಮರಗಳನ್ನು ಫಕೀರವ್ವ ಚಿಕ್ಕಂದಿನಲ್ಲಿ ಅವ್ವನ ಜೊತೆ ಕೊಡ ಹೊತ್ತು ನೀರುಣಿಸಿ ಬೆಳೆಸಿದ್ದಳು.

"ಅರ್ಧ ಸೆಂಟಿಮೀಟರ್‌ಗೆ ಯಾಕಬೇ ಇಷ್ಟ್ ಜಿಪುಣತನ? ಪೂರಾ ಹೇಳ," ಎಂದು ಅಡಿವೆಪ್ಪ ಕಾಡುತ್ತಿದ್ದ.

"ಮರಕ್ಕ ಬಾಯಿಲ್ರಿ ಸಾಹೇಬ್ರ. ಖರೆ ನಾವ ಹೇಳಬೇಕು."

ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ತರಚಿದ್ದೂ ಮರೆತುಹೋಗುತ್ತಿತ್ತು.

ವರ್ಷಗಳು ಉರುಳಿ ನನ್ನ ತುದಿಯ ತಗಡು ಕಳಚಿತು. ಅವಳ ಹೆಬ್ಬೆರಳು ಉಜ್ಜಿ ಉಜ್ಜಿ ಮೊದಲ ಹತ್ತು ಅಂಕಿಗಳೂ ಅಳಿಸಿದವು. ಹೊಸ ಟೇಪು ತರುವ ಠರಾವು ಪ್ರತಿ ಸಭೆಯಲ್ಲಿ ಪಾಸಾಗುತ್ತಿತ್ತು, ಟೇಪು ಮಾತ್ರ ಬರಲಿಲ್ಲ. ಫಕೀರವ್ವ ತಲೆಕೆಡಿಸಿಕೊಳ್ಳದೆ ನನ್ನನ್ನು ಹತ್ತರ ಗೆರೆಯಿಂದ ಹಿಡಿದು, ಬಂದ ಅಂಕಿಯಲ್ಲಿ ಹತ್ತು ಕಳೆದು ಕೂಗತೊಡಗಿದಳು. ಕಳೆಯುವುದು ಅವಳ ಮನಸ್ಸಿನೊಳಗೇ ನಡೆಯುತ್ತಿತ್ತು. ಕೇಳಿದ್ದು ನಾನೊಬ್ಬನೇ.

ಒಂದು ವರ್ಷ ಅಳತೆಯ ಹೊತ್ತಿಗೇ ಅವಳ ಮೊಣಕಾಲು ಊದಿಕೊಂಡು, ಮಂಚ ಬಿಟ್ಟು ಏಳದಂತಾಯಿತು. ಅಡಿವೆಪ್ಪ ಮನೆಗೇ ಬಂದು ನನ್ನನ್ನು ಇಸಿದುಕೊಂಡ.

"ತುದಿ ಸವದೈತ್ರಿ. ಹತ್ತರಿಂದ ಹಿಡೀರಿ," ಎಂದಳು.

ಅಷ್ಟೇ ಹೇಳಿದಳು. ಹತ್ತು ಕಳೆಯಬೇಕೆಂಬುದು ಯಾರಿಗಾದರೂ ತಾನಾಗಿ ತಿಳಿಯುತ್ತದೆ ಎಂದುಕೊಂಡಳು. ಅವಳು ಹೇಳಿದಂತೆ ಅವನು ಹತ್ತರಿಂದಲೇ ಹಿಡಿದ, ಕಂಡ ಅಂಕಿಯನ್ನೇ ಬರೆದ. ಹೋದ ಸಲ ತೊಂಬತ್ತಾರಿದ್ದ ಮರ ನೂರಾ ಒಂಬತ್ತಾಯಿತು. 'ಕಳಿ, ಕಳಿ' ಎಂದು ನಾನು ಮರ ಮರದ ಬಳಿ ಒದ್ದಾಡಿದೆ. ಬಟ್ಟೆಯ ಪಟ್ಟಿಗೆ ದನಿ ಎಲ್ಲಿಂದ ಬರಬೇಕು?

"ಈ ಸಲ ಮಳಿ ಚಲೋ ಆಗಿತ್ತ ನೋಡ್ರಿ!" ಎಂದು ಸಭೆಯಲ್ಲಿ ಅಡಿವೆಪ್ಪ ಬೀಗಿದ. ಗುರಿ ದಾಟಿದ್ದಕ್ಕೆ ಪೇಢೆ ಹಂಚಿದರು. ಮರುವಾರ ಕೆರೆಯಾಚೆ ಗರಗಸ ಕೂಗಿತು.

ಫಕೀರವ್ವ ಕೋಲೂರಿಕೊಂಡು ಬಂದಾಗ ಮರಗಳೆಲ್ಲ ನೆಲಕ್ಕೊರಗಿದ್ದವು. ಅವಳು ಅಳಲಿಲ್ಲ. ಅಡಿವೆಪ್ಪನ ಜೇಬಿನಿಂದ ನನ್ನನ್ನು ಎಳೆದುಕೊಂಡು, ಬಿದ್ದ ದಿಮ್ಮಿಯ ಬಿಳಿ ಪಟ್ಟೆಗೆ ಸುತ್ತಿದಳು.

"ಇದಕ್ಕ ಎಷ್ಟ ಬರದೀರಿ?"

"ನೂರಾ ಒಂಬತ್ತು."

"ಹತ್ತು ಕಳದೀರೇನ್ರಿ?"

"ಕಳಿಯೂದ್ಯಾಕ?"

ಅವಳು ನನ್ನ ಹತ್ತರ ಗೆರೆಗೆ ಬೆರಳಿಟ್ಟು ತೋರಿಸಿದಳು. "ಅರ್ಧಾನ ಹೇಳಿದ್ನಲ್ಲೋ ಯಪ್ಪಾ," ಎಂದು ದಿಮ್ಮಿಯ ಮೇಲೆಯೇ ಕುಸಿದು ಕೂತಳು. ಅಡಿವೆಪ್ಪನ ಮುಖವೂ ಸಪ್ಪಗಾಯಿತು. ಕೆಟ್ಟವನಲ್ಲ ಅವನು, ಅಂಜುಬುರುಕ ಅಷ್ಟೆ.

"ವರದಿ ಮ್ಯಾಲ ಹೋಗೇತಿ. ಕಡದ ಮರ ತಿರಗಿ ನಿಂದ್ರತಾವೇನಬೇ? ಸುಮ್ನಿರು," ಎಂದ.

ಅವಳು ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು ಟ್ರಂಕಿನ ತಳಕ್ಕಿಟ್ಟಳು. ಮತ್ತೆ ಮರ ಮುಟ್ಟಲಿಲ್ಲ.

ಎರಡು ವರ್ಷದ ಮೇಲೆ ಅಡಿವೆಪ್ಪ ಬಾಗಿಲಿಗೆ ಬಂದ. "ಹಳೇ ಟೇಪು ಕೊಡಬೇ. ಈಗ ಖರೆ ಬರದ್ರ ಉಳದ ಮರ ಎಲ್ಲಾ ಸಣ್ಣಾದಂಗ ಕಾಣ್ತಾವು. ಹೋದ ಸಲದಂಗ ಅಳದುಬಿಡ್ತೀನಿ."

ಫಕೀರವ್ವ ಟ್ರಂಕಿನ ಮುಚ್ಚಳದ ಮೇಲೆ ಕೂತಿದ್ದಳು. "ಅದನ್ನ ಇಲಿ ಕಡದಾವ್ರಿ," ಎಂದಳು. ಅರ್ಧ ಸೆಂಟಿಮೀಟರ್ ಸುಳ್ಳಾಡದ ಬಾಯಿ ಅದು. ನನಗಾಗಿ, ಆ ಉಳಿದ ಮರಗಳಿಗಾಗಿ, ಅಷ್ಟು ದೊಡ್ಡ ಸುಳ್ಳು ಹೇಳಿತು. ಇನ್ನಾದರೂ ಸರಿಯಾದೀತೆಂದು ಕತ್ತಲಲ್ಲಿ ನಾನು ಹಿಗ್ಗಿದೆ.

"ಹೋಗ್ಲಿ ಬಿಡು," ಎಂದ ಅಡಿವೆಪ್ಪ. "ಸ್ಟೀಲಿನ ಟೇಪು ಅಂತೂ ಬಂದೈತಿ. ಅದನ್ನೂ ಹತ್ತರಿಂದ ಹಿಡದ್ರಾತು."

ಅವನ ಚಪ್ಪಲಿ ಸದ್ದು ದೂರವಾಯಿತು. ನನ್ನ ಮೇಲೆ ಹತ್ತು ಅಂಕಿ ಅಳಿಸಿದ್ದವು, ಅದಕ್ಕೆ ಹಾಗೆ ಹಿಡಿದರು. ಹೊಸದರ ಮೇಲೆ ಒಂದೂ ಅಳಿಸಿಲ್ಲ.