ನಡುಗೋಡೆ

ಗುದ್ದಲಿಯ ಸಪ್ಪಳ ತನ್ನ ಗೋಡೆಯ ಬುಡದಿಂದಲೇ ಬರುತ್ತಿದೆ ಎಂದು ಖಾತ್ರಿಯಾದ ಕೂಡಲೇ ಹೀರಾಬಾಯಿ ಸೆರಗು ಬಿಗಿದುಕೊಂಡು ಎದ್ದಳು. ಜಗಲಿಯ ಮೇಲೆ ಕುಳಿತಿದ್ದ ಭಾವ ನೇಮಣ್ಣ, "ನಾ ಹೇಳಿದ್ದಿಲ್ಲೇನು? ಈಗ ಬುನಾದಿಗೇ ಕೈ ಹಾಕ್ಯಾನ ನೋಡು" ಎಂದ.

ಶಹಾಪುರದ ಆ ಓಣಿಯಲ್ಲಿ ಎರಡು ಮನೆಗೂ ಒಂದೇ ನಡುಗೋಡೆ. ಆಚೆ ಮನೆಯ ಗುರುಸಿದ್ದ ಖಾನಾಪುರ ರಸ್ತೆಯ ಮೋಟಾರುಗಳ ಟಾಯರಿಗೆ ಗಾಳಿ ತುಂಬಲು ಮುಂಬಯಿಯಿಂದ ಯಂತ್ರ ತಂದು ಪಡಸಾಲೆಯಲ್ಲೇ ಹೂಡಿದ್ದ. ಅದು ಶುರುವಾದರೆ ಹೀರಾಬಾಯಿಯ ತಾಟು ತಂಬಿಗೆಗಳೆಲ್ಲ ಗಲಗಲ ಅನ್ನುತ್ತಿದ್ದವು, ಗೋಡೆಯ ಮಣ್ಣು ಹಾಸಿಗೆಯ ಮೇಲೆ ಉದುರುತ್ತಿತ್ತು. ಗಂಡ ತವನಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಆ ಮನೆ ಮತ್ತು ಒಂದು ಮಗ್ಗ. ಗೋಡೆ ಬೀಳಿಸಿ ಜಾಗ ನುಂಗುವುದೇ ಗುರುಸಿದ್ದನ ಹಂಚಿಕೆ ಎಂದು ನೇಮಣ್ಣ ಖಾನಾಪುರದಿಂದ ಬಂದಾಗಲೆಲ್ಲ ಹೇಳುತ್ತಿದ್ದ; ಅದಕ್ಕೂ ಮೊದಲೇ ಮನೆ ಮಾರಿಬಿಡು ಅನ್ನುತ್ತಿದ್ದ. ಅವಳೂ ನಂಬಿದ್ದಳು.

ಅವಳು ಆಚೆ ಮನೆಗೆ ನುಗ್ಗಿದಾಗ ಗುರುಸಿದ್ದ ಪಡಸಾಲೆಯ ನಟ್ಟನಡುವೆ ಮೊಣಕಾಲಮಟ್ಟದ ಕುಣಿಯಲ್ಲಿ ನಿಂತಿದ್ದ. ಗೋಡೆಯ ಬುಡದಿಂದ ಕಿತ್ತ ಚಪ್ಪಡಿ ಪಕ್ಕದಲ್ಲಿ ಬಿದ್ದಿತ್ತು.

"ನನ್ನ ಮನಿ ಕೆಡವಾಕ ನಿಂತೀಯೇನೋ?"

"ಇಲ್ರೀ ವೈನಿ. ಯಂತ್ರ ಕುಂದರಿಸಿದ ಕಲ್ಲು ಗ್ವಾಡಿಗೆ ತಾಗಿತ್ತರಿ, ಅದಕ್ಕ ನಡಗತಿತ್ತು. ಇನ್ನ ಇದನ್ನ ದೂರ ಸರಿಸಿ, ಕೆಳಗ ಉಸುಕು ತುಂಬಿ, ಮ್ಯಾಲ ಹಳೇ ಟಾಯರ್ ತುಂಡು ಹಾಕತೇನ್ರಿ."

"ಇಷ್ಟ ದಿನ ಇಲ್ಲದ ಕಾಳಜಿ ಈಗ್ಯಾಕ?"

ಅವನ ಹೆಂಡತಿ ರೇಣವ್ವ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಡಿಗೆಮನೆಯಿಂದ ಬಂದಳು. "ಗ್ವಾಡಿ ಬಿದ್ದರ ನಮ್ಮ ತೊಲಿನೂ ಬೀಳತಾವ್ರೀ. ನಾಳೆ ಕೂಸು ಬಂದರ ಅದು ಮಲಗೂದು ಬ್ಯಾಡೇನ್ರಿ?"

ಹೀರಾಬಾಯಿಗೆ ನಂಬಿಕೆ ಬರಲಿಲ್ಲ. "ಮುಗಿಯೂತನಕಾ ಇಲ್ಲೇ ನಿಂದರತೇನಿ" ಎಂದಳು. ನಿಂತೇ ನೋಡಿದಳು. ಉಸುಕು ಬಿತ್ತು, ಟಾಯರಿನ ತುಂಡು ಬಿತ್ತು, ಯಂತ್ರ ಕುಳಿತಿತು. ಸಪ್ಪಳ ಅಡಗಲೆಂದು, ಅದು ಗಾಳಿ ಎಳೆಯುವ ಬಾಯಿಗೆ ಗುರುಸಿದ್ದ ಒಳಗೆ ಕಂಬಳಿ ಬಡಿದ ಕಟ್ಟಿಗೆಯ ಡಬ್ಬಿಯೊಂದನ್ನು ಕೂಡಿಸಿದ. ಆಮೇಲೆ, "ಹೋಗಿ ನಿಮ್ಮ ಮನ್ಯಾಗ ನಿಂತು ಕೇಳ್ರಿ" ಎಂದ.

ಅವಳು ಒಳಗೆ ಬರುವಷ್ಟರಲ್ಲಿ ಆಚೆ ಯಂತ್ರ ಶುರುವಾಗಿತ್ತು, ನೇಮಣ್ಣ ಗೋಡೆಗೆ ಅಂಗೈ ಹಚ್ಚಿ ನಿಂತಿದ್ದ. ದೂರದಲ್ಲೆಲ್ಲೋ ಯಾರೋ ಹಿಟ್ಟು ಬೀಸುತ್ತಿರುವಂಥ ಸಪ್ಪಳ, ಅಷ್ಟೇ. ಅವನು ಕೈ ತೆಗೆದು ಇನ್ನೊಂದು ಕಡೆ ಹಚ್ಚಿದ. ಗಟ್ಟಿಯಾಗಿ ಒತ್ತಿದ. ಕಿವಿಯಿಟ್ಟ. ಅವನ ಮುಖ ಇಳಿದುಹೋದದ್ದನ್ನು ಹೀರಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು.

ಅವಳನ್ನು ಕಂಡು ಅವನು ಸರಕ್ಕನೆ ಹಿಂದೆ ಸರಿದ. "ಇವತ್ತ ಸುಮ್ನೈತಿ, ನಾಳೆ ಮತ್ತ ಸುರು ಆಕ್ಕೈತಿ. ಮನಿ ಮಾರಿಬಿಡು ಹೀರಾ. ಖಾನಾಪುರದಾಗ ಗಿರಾಕಿ ತಯಾರ ಅದಾನ."

"ಯಾರ್ರಿ ಭಾವಾ, ಗಿರಾಕಿ?"

ಈವರೆಗೆ ಅವಳು ಹಾಗೆ ಕೇಳಿರಲಿಲ್ಲ. ನೇಮಣ್ಣ ಟೊಪ್ಪಿಗೆ ಸರಿಪಡಿಸಿಕೊಂಡ. "ಅದಾನ ಒಬ್ಬಾಂವ. ನಿನಗ್ಯಾಕ ಅದೆಲ್ಲಾ?"

ಹೊತ್ತು ಮುಳುಗುವುದರೊಳಗೆ ಅವಳು ಅವನಿಗೆ ಬಡಿಸಿದಳು, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು. ಅವನು ಕೈತೊಳೆಯಲು ಹಿತ್ತಲಿಗೆ ಹೋದಾಗ, ಗೂಟಕ್ಕಿದ್ದ ಅವನ ಕೋಟು ತೆಗೆದು ನೀಟಾಗಿ ಮಡಚಿ, ಛತ್ರಿಯೊಂದಿಗೆ ಹೊರಜಗಲಿಯ ಮೇಲಿಟ್ಟಳು.