ಹೊಲಿಗೆಗೆ ಬಿಟ್ಟ ಜಾಗ

ನನಗೆ ಬಾಯಿ ಜೋರು ಅಂತ ನಮ್ಮ ಓಣಿಯಲ್ಲಿ ಹೆಸರಿದೆ. ಇರಲಿ ಬಿಡಿ. ಬಾಯಿ ಇಲ್ಲದ ಟೈಲರಮ್ಮನ ಹತ್ತಿರ ಗಿರಾಕಿಗಳು ಪ್ಯಾಂಟು ಹೊಲಿಸಿಕೊಂಡು ಹೋಗಿ, ಚೆನ್ನಾಗಿ ತಿಂದು ದಪ್ಪಗಾಗಿ ಬಂದು, ‘ನೀನೇ ಬಿಗಿ ಹೊಲಿದಿದ್ದು’ ಅಂತ ಜಗಳ ತೆಗೆಯುತ್ತಾರೆ. ಅಂಥ ನಾನೇ ಒಂದು ದಿನ ನೆಲಕ್ಕೆ ಹಾಸಿದ ಬಿಳಿ ಹೊದಿಕೆಯ ಮುಂದೆ ಮಾತು ಹೊರಡದೆ ಕೂತುಬಿಟ್ಟೆ. ಅದನ್ನು ಹೇಳಬೇಕು.

ಮೊದಲು ಅತ್ತೆಯ ವಿಷಯ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ನಮ್ಮ ಮನೆ. ನಡುವೆ ಒಂದು ಮೆಟ್ಟಿಲು. ಅದನ್ನು ಕಟ್ಟಿದ ಪುಣ್ಯಾತ್ಮ ಬೆಕ್ಕು ಹತ್ತಲಿ ಅಂತಲೇ ಕಟ್ಟಿರಬೇಕು, ಅಷ್ಟು ಕಿರಿದು, ಅಷ್ಟು ಕಡಿದಾದದ್ದು. ಮೂರು ವರ್ಷದ ಹಿಂದೆ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಗೆ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು, ಮತ್ತೆ ಹಾಗೇ ಹತ್ತಿಸಿದೆವು. ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗಿದಾಗ ಅವರು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಹಾಸಿಗೆಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: “ಇನ್ನು ನಾನು ಈ ಮೆಟ್ಟಿಲು ಇಳಿಯೋದು ನಾಲ್ಕು ಜನ ಹೊತ್ತಾಗಲೇ ಕಣೇ.”

ಈ ಅಂಗಡಿ ಅವರದು. ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಊರೆಲ್ಲ ಸುತ್ತಿ ಗಿರಾಕಿ ಹಿಡಿದು ತರುತ್ತಿದ್ದ ಹೆಂಗಸು ಮೂರು ವರ್ಷ ಒಂದು ಕೋಣೆಯಲ್ಲಿ! ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಅಪರೂಪ. ಹಾಗಾಗಿ ಅವರನ್ನು ನೋಡಿಕೊಳ್ಳುವುದೆಲ್ಲ ನನ್ನ ಪಾಲಿಗೆ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ನಮ್ಮ ಓಣಿ ಇರುವುದು ಇಳಿಜಾರಿನಲ್ಲಿ, ಕೆಳಗಿನ ಬೀದಿಗೆ ನಮ್ಮ ಸಾಲು, ಮೇಲಿನ ಬೀದಿಗೆ ಹಿಂದಿನ ಸಾಲು. ಮುಂದಿನಿಂದ ನೋಡಿದರೆ ಅತ್ತೆಯ ಕೋಣೆ ಮಹಡಿ, ಹಿಂದಿನಿಂದ ನೋಡಿದರೆ ಅದು ನೆಲದ ಮಟ್ಟ. ಕೋಣೆಗೆ ಹಿಂಬಾಗಿಲೂ ಇದೆ. ತೆಗೆದರೆ ಆಗ ಕಾಣುತ್ತಿದ್ದುದು ಬರೀ ತಗಡು. ಪಕ್ಕದ ಮನೆಯ ಬಡಗಿಯಣ್ಣ ಬಹಳ ಹಿಂದೆಯೇ ಅಲ್ಲಿ ತನ್ನ ಕೆಲಸದ ಶೆಡ್ಡು ಹಾಕಿಕೊಂಡಿದ್ದ. ಅದರ ಆಚೆ ಏನಿದೆ ಅಂತ ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಡೆದ ಕುಂಡ, ಹಳೇ ಟೈರು, ಮುರಿದ ಮಂಚ ಎಲ್ಲ ಬಿದ್ದ ಒಂದು ಸಂದು, ಅಷ್ಟೇ. ‘ಅದು ಹಿಂದಿನ ಸಾಲಿನವರ ಜಾಗ’ ಅಂತ ನಾವು. ‘ಅದು ಕೆಳಗಿನ ಸಾಲಿನವರ ಜಾಗ’ ಅಂತ ಅವರು. ಹಾಗಾಗಿ ಕಸ ಎಸೆಯುವುದಕ್ಕೆ ಇಬ್ಬರಿಗೂ ಧೈರ್ಯ.

ಹೀಗಿರುವಾಗ ಪುರಸಭೆಯ ಇಂಜಿನಿಯರ್ ಮೇಡಂ ಅಂಗಡಿಗೆ ಬಂದರು. ಸಣ್ಣ ವಯಸ್ಸು, ಧೂಳು ಮೆತ್ತಿದ ಶೂ. ಓಣಿಯವರನ್ನೆಲ್ಲ ಕರೆದು ಹೇಳಿದರು, “ಈ ಸಲ ನಿಮ್ಮ ಓಣಿಗೆ ಏನು ಬೇಕು, ಎಲ್ಲಿ ಬೇಕು ಅಂತ ನೀವೇ ಯೋಜನೆ ಮಾಡಿ. ಮುಂದಿನ ಭಾನುವಾರ ಬಂದು ನೋಡ್ತೀನಿ. ಆದ್ರೆ ಎಲ್ಲರೂ ಒಪ್ಪಿರ್ಬೇಕು. ಒಬ್ರು ಬೇಡ ಅಂದ್ರೂ ಕೆಲಸ ಬೇರೆ ಓಣಿಗೆ ಹೋಗುತ್ತೆ.”

“ಎಲ್ಲರೂ ಒಪ್ಪೋದಾ?” ನಾನು ನಕ್ಕುಬಿಟ್ಟೆ. “ಮೇಡಂ, ನಮ್ಮ ಓಣಿಯಲ್ಲಿ ಇವತ್ತು ಯಾವ ವಾರ ಅನ್ನೋದಕ್ಕೂ ಎರಡು ಪಕ್ಷ ಇದೆ.”

ಹಿಂದಿನ ಸಾಲಿನ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಒಪ್ಪಬಹುದು, ಒಪ್ಪದೇನೂ ಇರಬಹುದು,” ಅಂದರು. ಅವರ ಮಾತೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮೇಷ್ಟ್ರಿಗೂ ಬಡಗಿಯಣ್ಣನಿಗೂ ಗರಗಸದ ಸದ್ದಿನ ವಿಷಯಕ್ಕೆ ಹಾವು ಮುಂಗುಸಿ ಸಂಬಂಧ. ನನಗೆ ಇಬ್ಬರನ್ನೂ ಕಂಡರೆ ಆಗುತ್ತಿರಲಿಲ್ಲ.

ನಕ್ಷೆ ಬರೆಯುವವರು ಯಾರು? ಮೇಷ್ಟ್ರು ಒಂದು ಹಾಳೆಯಲ್ಲಿ ಗೆರೆ ಎಳೆದರು, ಅದರಲ್ಲಿ ಅವರ ಮನೆಯೇ ದೊಡ್ಡದು. ಎಲ್ಲರೂ ನಕ್ಕರು. ನಾನು ಸಿಟ್ಟಿನಲ್ಲಿ, “ಅಳತೆ ತಂದುಕೊಡಿ, ನಾನು ಬಟ್ಟೆಯಲ್ಲಿ ಕತ್ತರಿಸ್ತೀನಿ. ಕತ್ತರಿ ಯಾರ ಮುಖಾನೂ ನೋಡಲ್ಲ,” ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ. ಆದರೆ ಮರುದಿನದಿಂದಲೇ ನನ್ನ ಟೇಪು ಮನೆಯಿಂದ ಮನೆಗೆ ಹೋಯಿತು. ಒಬ್ಬರ ಮನೆಯನ್ನು ಎದುರುಮನೆಯವರು ಅಳೆಯಬೇಕು ಅಂತ ನಾನೇ ಕಟ್ಟಳೆ ಮಾಡಿದೆ. ಮೋಸಕ್ಕೆ ದಾರಿ ಇರಲಿಲ್ಲ.

ಯಾರ ಮನೆಗೆ ಯಾವ ಬಟ್ಟೆ? ಅಂಗಡಿಯ ಮೂಲೆಯಲ್ಲಿ ವರ್ಷಗಳ ತುಂಡು ಬಟ್ಟೆಯ ಮೂಟೆ ಇತ್ತು. ಬಡಗಿಯಣ್ಣನ ಮನೆಗೆ ಅವನದೇ ಖಾಕಿ ಪ್ಯಾಂಟಿನ ತುಂಡು. ಮೇಷ್ಟ್ರಿಗೆ ಅವರ ಗೀಟು ಗೀಟಿನ ಶರಟು. ನಮ್ಮ ಮನೆಗೆ ಅತ್ತೆ ಹೊಲಿದಿದ್ದ ಹಳೇ ನೀಲಿ ಪರದೆ. ಅಳತೆಯನ್ನೆಲ್ಲ ಒಂದೇ ಲೆಕ್ಕದಲ್ಲಿ ಚಿಕ್ಕದು ಮಾಡಿ, ಕೂತು ಕತ್ತರಿಸಿದೆ. ಶೆಡ್ಡಿಗೆ ಬೇರೆ ತುಂಡು, ಕಾರಿನ ಮನೆಗೆ ಬೇರೆ, ನೀರಿನ ತೊಟ್ಟಿಗೆ ಬೇರೆ.

ಅಂಗಡಿಯಲ್ಲಿ ಜಾಗ ಸಾಲದು ಅಂತ ಬಿಳಿ ಹೊದಿಕೆಯನ್ನು ಅತ್ತೆಯ ಕೋಣೆಯಲ್ಲೇ ಹಾಸಿದೆವು. ಮಂಚದ ಮೇಲೆ ಅತ್ತೆ, ನೆಲದ ಸುತ್ತ ಓಣಿ. ಎರಡೂ ಬೀದಿಗಳನ್ನು ಸೀಮೆಸುಣ್ಣದಲ್ಲಿ ಎಳೆದು, ಒಂದೊಂದೇ ಮನೆಯನ್ನು ಗುಂಡುಪಿನ್ನಿನಿಂದ ಚುಚ್ಚುತ್ತಾ ಹೋದೆ. ಅರ್ಧ ಮುಗಿಯುವುದರಲ್ಲೇ ಗಲಾಟೆ.

“ಏನ್ರೀ ಇದು, ಇವರ ಮನೆ ನಮ್ಮ ಮನೆ ಮೇಲೆ ಹತ್ತಿ ಕೂತಿದೆ!”

“ನಮ್ಮ ಹಿತ್ತಲಲ್ಲಿ ನಿಮ್ಮ ಬಚ್ಚಲು ಹೇಗ್ರೀ ಬಂತು?”

“ಮೇಷ್ಟ್ರೇ, ಸುಳ್ಳು ಅಳತೆ ಕೊಟ್ಟಿದ್ದೀರಾ!”

“ನನ್ನ ಮನೆ ಅಳೆದೋನು ನೀನೇ ಅಲ್ವೇನಯ್ಯಾ!”

ನಿಜಕ್ಕೂ ಮನೆಗಳು ಒಂದರ ಮೇಲೊಂದು ಬಿದ್ದಿದ್ದವು. ಬೀದಿ ದಾರದಷ್ಟಾಗಿತ್ತು. ನನ್ನ ಕೆಲಸವೇ ತಪ್ಪಿತಲ್ಲ ಅಂತ ನನಗೆ ಮೈಯೆಲ್ಲ ಉರಿ. ಇನ್ನೇನು ಹೊದಿಕೆಯನ್ನು ಎಳೆದು ಎಸೆಯಬೇಕು, ಮಂಚದಿಂದ ಅತ್ತೆ ಗದರಿದರು.

“ಏ ಹುಡುಗಿ, ಮಾರ್ಜಿನ್ ಬಿಟ್ಟು ಕತ್ತರಿಸಿದ್ದೀಯಲ್ಲೇ!”

ಅಯ್ಯೋ ನನ್ನ ಬುದ್ಧಿಗಿಷ್ಟು! ಇಷ್ಟು ವರ್ಷದ ಕೈ. ಯಾವ ತುಂಡು ಕತ್ತರಿಸಿದರೂ ಹೊಲಿಗೆಗೆ ಅಂತ ಸುತ್ತ ಒಂದು ಬೆರಳು ಹೆಚ್ಚು ಬಿಡುವುದು ನನಗೆ ಉಸಿರಾಡುವಷ್ಟು ಅಭ್ಯಾಸ. ಓಣಿಯ ಪ್ರತಿ ಮನೆಗೂ ಸುತ್ತ ಮಾರ್ಜಿನ್ ಬಿಟ್ಟಿದ್ದೆ. ಜಗತ್ತಿನಲ್ಲಿ ಇಂಥ ತಪ್ಪನ್ನು ಟೈಲರು ಬಿಟ್ಟು ಬೇರೆ ಯಾರೂ ಮಾಡಲಾರರು.

“ಎಲ್ಲಾ ಮಡಚಿ ಇಸ್ತ್ರಿ ಹಾಕು,” ಅಂದರು ಅತ್ತೆ.

ಇಸ್ತ್ರಿ ಪೆಟ್ಟಿಗೆ ಕಾಯಿಸಿದೆ. ಒಂದು ಮನೆ ತೆಗೆದು, ನಾಲ್ಕೂ ಅಂಚನ್ನು ಒಳಕ್ಕೆ ಮಡಚಿ, ಒತ್ತಿ, ಮತ್ತೆ ಅದರ ಜಾಗಕ್ಕೆ ಚುಚ್ಚಿದೆ. ಆಮೇಲೆ ಪಕ್ಕದ್ದು. ಬೀದಿ ಅಗಲವಾಯಿತು. ಜಗಳ ನಿಂತಿತು. ಹಿಂದಿನ ಸಾಲು ಹಿಡಿದಾಗ ಎರಡು ಸಾಲಿನ ಬೆನ್ನುಗಳ ನಡುವೆ ಒಂದು ಬಿಳಿ ಚೂರು ಕಂಡಿತು. ಮುಂದಿನ ಮನೆ ಮಡಚಿದೆ, ಆ ಬಿಳಿ ಉದ್ದವಾಯಿತು. ಮುಂದಿನದು, ಇನ್ನೂ ಉದ್ದ. ಇಸ್ತ್ರಿಯ ಬಿಸಿ ವಾಸನೆ, ಎಲ್ಲರ ಉಸಿರು, ಅಷ್ಟೇ. ಕೊನೆಯ ಮನೆ ಮಡಚಿ ಕೈ ತೆಗೆದಾಗ, ಓಣಿಯ ಈ ತುದಿಯಿಂದ ದೊಡ್ಡ ರಸ್ತೆಯವರೆಗೆ ಒಂದು ದಾರಿ ಬಿದ್ದಿತ್ತು. ಯಾರದೂ ಅಲ್ಲದ ದಾರಿ. ನಾವೆಲ್ಲ ಹುಟ್ಟಿದಾಗಿನಿಂದ ಬೆನ್ನು ಹಾಕಿಕೊಂಡು ಕೂತಿದ್ದ ದಾರಿ.

ನನ್ನ ಮೈ ಜುಮ್ಮೆಂದಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರೂ ಬಂತು. ಇಷ್ಟು ದೊಡ್ಡದನ್ನು ಇಷ್ಟು ಹತ್ತಿರ ಇಟ್ಟುಕೊಂಡು ನಾವು ಅದರ ಮೇಲೆ ಟೈರು ಎಸೆದಿದ್ದೆವು! ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಯಾರದೋ ಮಗು, “ಅಮ್ಮಾ, ನಮ್ಮನೆ!” ಅಂತ ಒಂದು ಹಳದಿ ತುಂಡಿನ ಮೇಲೆ ಬೆರಳಿಟ್ಟಿತು.

ಆ ದಾರಿ ಸಾಗುತ್ತಿದ್ದುದು ಅತ್ತೆಯ ಹಿಂಬಾಗಿಲಿನ ಮುಂದೆಯೇ. ಮೆಟ್ಟಿಲಿಲ್ಲ, ಸಲೀಸು. ಒಂದೇ ಒಂದು ಅಡ್ಡಿ. ಬಾಗಿಲಿಗೆ ಸರಿಯಾಗಿ, ಬಿಳಿಯ ಮೇಲೆ ಒಂದು ಖಾಕಿ ತುಂಡು ಅಡ್ಡ ಬಿದ್ದಿತ್ತು. ಬಡಗಿಯಣ್ಣನ ಶೆಡ್ಡು.

ಎಲ್ಲರ ಕಣ್ಣೂ ಅವನ ಮೇಲೆ. ಅವನ ಮುಖ ಕಪ್ಪಿಟ್ಟಿತು. “ಅಂದ್ರೆ ನನ್ನ ಹೊಟ್ಟೆ ಮೇಲೆ ಹೊಡೀತೀರಾ? ಕೆಲಸ ಎಲ್ಲಿ ಮಾಡ್ಲಿ, ನಿಮ್ಮ ತಲೆ ಮೇಲಾ?” ಅಂತ ಎದ್ದು ಹೋಗಿಯೇಬಿಟ್ಟ. ನಾನು ಹಿಂದೆಯೇ ಓಡಬೇಕು ಅಂತ ಎದ್ದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು.

“ಕೂತ್ಕೋ,” ಅಂದರು ಅತ್ತೆ. “ಅವನು ಹೇಳಿದ್ರಲ್ಲಿ ತಪ್ಪೇನಿದೆ? ಕೇಳಿ ಎಲ್ಲರೂ. ಪಿನ್ನು ಚುಚ್ಚಿರೋದು ಬರೀ ಮಾತು, ಯಾರು ಬೇಕಾದ್ರೂ ಕಿತ್ತು ಬೇರೆ ಕಡೆ ಇಟ್ಟು ನೋಡ್ಬಹುದು. ಒಪ್ಪಿಗೆ ಅಂದ್ರೆ ಹೊಲಿಗೆ. ಅವರವರ ಮನೆ ಅವರವರೇ ಹೊಲೀಬೇಕು. ಒಂದು ತುಂಡು ಹೊಲಿಯದೆ ಉಳಿದ್ರೂ ಯೋಜನೆ ಇಲ್ಲ.”

ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ, ಸಂತೆಯಾಗಿತ್ತು. ಕೆಲಸ ಮುಗಿಸಿ ಬಂದವರು ನೇರ ಅತ್ತೆಯ ಕೋಣೆಗೆ. ನಲ್ಲಿಯನ್ನು ಇಲ್ಲಿಂದ ಅಲ್ಲಿಗೆ, ದೀಪದ ಕಂಬವನ್ನು ಮೂಲೆಗೆ, ಕೂರುವ ಕಲ್ಲನ್ನು ಮರದ ಕೆಳಗೆ. ಒಬ್ಬರು ಕಿತ್ತದ್ದನ್ನು ಇನ್ನೊಬ್ಬರು ಚುಚ್ಚುವರು. ಜನ್ಮದಲ್ಲಿ ಸೂಜಿ ಹಿಡಿಯದ ಗಂಡಸರು ನಾಲಿಗೆ ಹೊರಗೆ ಹಾಕಿಕೊಂಡು ತಮ್ಮ ಮನೆ ಹೊಲಿದರು. ಬೆರಳಿಗೆ ಚುಚ್ಚಿಕೊಂಡರೆ ಅತ್ತೆ ಕಿಲಕಿಲ ನಗುವರು. ಮೂರು ವರ್ಷದಿಂದ ಆ ನಗು ನಾನು ಕೇಳಿರಲಿಲ್ಲ.

ಖಾಕಿ ಶೆಡ್ಡನ್ನು ಎಲ್ಲಿಟ್ಟರೂ ಯಾರಿಗೋ ಅಡ್ಡಿ. ಶನಿವಾರ ಮೇಷ್ಟ್ರು ಬಹಳ ಹೊತ್ತು ಹೊದಿಕೆಯನ್ನೇ ನೋಡುತ್ತಾ ನಿಂತರು. ಅವರ ಅಂಗಳದ ಬದಿಯಲ್ಲಿ, ಮೇಲಿನ ಬೀದಿಗೆ ತಾಗಿ, ಕಾರಿನ ಮನೆಯ ತುಂಡು ಇತ್ತು. ಆ ಕಾರು ಓಡುವುದು ನಿಂತು ಎಷ್ಟೋ ಕಾಲವಾಗಿತ್ತು, ಒಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಮೇಷ್ಟ್ರು ಬಗ್ಗಿ, ಆ ತುಂಡಿನ ಪಿನ್ನು ಕಿತ್ತರು. ತುಂಡನ್ನು ಜೇಬಿಗೆ ಹಾಕಿಕೊಂಡರು. ಖಾಕಿ ಶೆಡ್ಡನ್ನು ತೆಗೆದು ಅಲ್ಲಿ ಚುಚ್ಚಿದರು.

“ಮೇಷ್ಟ್ರೇ, ಗರಗಸದ ಸದ್ದು?” ಅಂದೆ ನಾನು. ತಡೆದುಕೊಳ್ಳಲು ಆಗಲಿಲ್ಲ.

“ಕೇಳಿಸಬಹುದು,” ಅಂದರು. ಪಿನ್ನನ್ನು ಇನ್ನೊಮ್ಮೆ ಒತ್ತಿ, “ಕೇಳಿಸ್ಲಿ ಬಿಡಮ್ಮಾ,” ಅಂದರು. ಅವರ ಬಾಯಲ್ಲಿ ಒಂದೇ ಕಡೆಯ ಮಾತು ನಾನು ಕೇಳಿದ್ದು ಅದೇ ಮೊದಲು.

ಆದರೆ ಬಡಗಿಯಣ್ಣ ನಮ್ಮ ಮನೆ ಕಡೆ ತಲೆಯೂ ಹಾಕಿರಲಿಲ್ಲ. ಅವನ ಮನೆ, ಅವನ ಶೆಡ್ಡು, ಎರಡೂ ಬರೀ ಪಿನ್ನಿನ ಮೇಲೆ. ಅವತ್ತು ಸಂಜೆ ಅತ್ತೆ ಹಿಂಬಾಗಿಲು ತೆಗೆಸಿ, ಕೋಲಿನಿಂದ ತಗಡಿಗೆ ಬಡಿದರು. ಒಳಗೆ ಗರಗಸ ನಿಂತಿತು.

“ಅಪ್ಪಾ, ನಿನ್ನ ಗರಗಸದ ಸದ್ದಿಗೇ ನಾನು ದಿನಾ ಏಳೋದು,” ಅಂದರು ಅತ್ತೆ. “ಈ ಕೋಣೆಯಲ್ಲಿ ನನಗೆ ಜೊತೆ ಅಂತ ಇದ್ದಿದ್ದು ಅದೊಂದೇ. ನಿನ್ನ ಕೆಲಸ ಹಾಳು ಮಾಡಿ ನಾನು ಹೊರಗೆ ಬರಲ್ಲ. ನಾಳೆ ಒಂದು ಸಲ ಬಂದು ನೋಡು. ಮನಸ್ಸಿಗೆ ಬರದಿದ್ರೆ ಹೊಲೀಬೇಡ, ನಾನು ಬೇಜಾರು ಮಾಡ್ಕೊಳಲ್ಲ.”

ಗರಗಸ ಮತ್ತೆ ಶುರುವಾಗಲಿಲ್ಲ.

ಭಾನುವಾರ ಮೇಡಂ ಬಂದರು. ಕೋಣೆಯ ಬಾಗಿಲಲ್ಲಿ ಹಾಳೆ ಹುಡುಕುತ್ತಾ ನಿಂತವರು ನೆಲ ನೋಡಿದರು. ಶೂ ಬಿಚ್ಚಿ ಬದಿಗಿಟ್ಟು, ಹೊದಿಕೆಯ ಸುತ್ತ ಒಂದು ಸುತ್ತು ಬಂದು, ಮಂಡಿಯೂರಿ ಕೂತರು. “ಇದನ್ನ ಯಾರು ಮಾಡಿದ್ದು?” ಅಂದರು. ಯಾರ ಹೆಸರು ಹೇಳುವುದು ಅಂತ ತಿಳಿಯದೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಹೊಲಿದದ್ದೆಲ್ಲ ಒಪ್ಪಿದವರ ಮನೆ ಅಂದರು ಅತ್ತೆ. ಮೇಡಂ ಕಣ್ಣು ಬರೀ ಪಿನ್ನು ಚುಚ್ಚಿದ್ದ ಎರಡು ಖಾಕಿ ತುಂಡುಗಳ ಮೇಲೆ ನಿಂತಿತು. “ಇವರು ಒಪ್ಪಿಲ್ವಾ?”

ಅಷ್ಟರಲ್ಲಿ ಮೆಟ್ಟಿಲಲ್ಲಿ ಸದ್ದಾಯಿತು. ಬಡಗಿಯಣ್ಣ. ಯಾರನ್ನೂ ನೋಡದೆ ಬಂದು ಹೊದಿಕೆಯ ಪಕ್ಕ ಕುಕ್ಕರಿಸಿದ. ತನ್ನ ಶೆಡ್ಡನ್ನು ಹುಡುಕಿದ. ಅದು ಇದ್ದ ಜಾಗದಲ್ಲಿ ಬಿಳಿ ಇತ್ತು. ಮೇಷ್ಟ್ರ ಅಂಗಳದಲ್ಲಿ ಅದು ಸಿಕ್ಕಿತು. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು, ಮೇಲಿನ ಬೀದಿಯಿಂದ ಶೆಡ್ಡಿನವರೆಗೆ ಗಾಳಿಯಲ್ಲೇ ಗೆರೆ ಎಳೆದು ನೋಡಿದ.

“ಇಲ್ಲಾದ್ರೆ ಹಲಗೆ ಗಾಡಿಯಿಂದ ನೇರ ಒಳಗೇ ಇಳಿಸ್ಬಹುದು,” ಅಂದ ತನ್ನಷ್ಟಕ್ಕೆ. ಇಷ್ಟು ದಿನ ಪ್ರತಿ ಹಲಗೆಯನ್ನೂ ತಲೆಯ ಮೇಲೆ ಹೊತ್ತು ಮನೆಯೊಳಗಿಂದ ಹಾಯಿಸುತ್ತಿದ್ದ ಮನುಷ್ಯ. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಕಾರು?” ಅಂದ.

ಮೇಷ್ಟ್ರು ಜೇಬಿನಿಂದ ಆ ತುಂಡು ಬಟ್ಟೆ ತೆಗೆದು ತೋರಿಸಿದರು.

ಬಡಗಿಯಣ್ಣ ನನ್ನ ಮುಂದೆ ಕೈ ಚಾಚಿದ. “ಸೂಜಿ ಕೊಡಮ್ಮಾ.” ದಾರ ಪೋಣಿಸಿ ಕೊಟ್ಟೆ. ಮೊಳೆ ಹೊಡೆಯುವ ಹಾಗೆ ಒಂದೊಂದು ಹೊಲಿಗೆಯನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಾಕಿದ. ಮೊದಲು ಶೆಡ್ಡು, ಆಮೇಲೆ ಮನೆ. ಅಷ್ಟು ಕೆಟ್ಟ ಹೊಲಿಗೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ಬೇರೆ ಯಾರಾದರೂ ಹಾಕಿದ್ದರೆ ಬಿಚ್ಚಿಸುತ್ತಿದ್ದೆ. ಕೊನೆಗೆ ಹಲ್ಲಿನಿಂದ ದಾರ ಕಡಿದ. ಮೇಡಂ ಕುರ್ಚಿಯ ಮೇಲೆ ಹತ್ತಿ ಫೋಟೊ ತೆಗೆದುಕೊಂಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ದಾರಿ ಸಿದ್ಧವಾಯಿತು. ಟೈರು, ಮಂಚ, ಕುಂಡ ಎಲ್ಲ ಹೋಯಿತು. ಬಡಗಿಯಣ್ಣನೇ ಗಾಲಿ ಹಾಕಿ ಒಂದು ಕುರ್ಚಿ ಮಾಡಿ ತಂದ. ಬೆಳಿಗ್ಗೆ ನಾನು ಹಿಂಬಾಗಿಲು ತೆಗೆದೆ. ತಗಡಿದ್ದಲ್ಲಿ ಬೆಳಕಿತ್ತು. ಅತ್ತೆ ಅದನ್ನು ನೋಡುತ್ತಾ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನಿಧಾನ ತಳ್ಳಿದೆ. ಒಂದೊಂದು ಮನೆಯ ಬೆನ್ನು ಬಂದಾಗಲೂ ಅವರು ಕೈ ಎತ್ತಿ ನಿಲ್ಲಿಸುವರು. “ದಿನಾ ಕೆಮ್ಮೋದು ಇವರು,” ಅನ್ನುವರು. “ಪಾತ್ರೆ ಬೀಳಿಸೋದು ಈ ಮನೆ.” ಮೂರು ವರ್ಷ ಕಿವಿಯಿಂದ ಕಟ್ಟಿಕೊಂಡಿದ್ದ ಓಣಿಯನ್ನು ಈಗ ಕಣ್ಣಿನಿಂದ ತಾಳೆ ನೋಡುತ್ತಿದ್ದರು. ಹಿಂಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಎಲ್ಲರೂ ಹೊಸ್ತಿಲಿಗೆ ಬಂದು ನಿಂತು ನೋಡಿದರು. ನಾನು ಬಾಯಿ ಮುಚ್ಚಿಕೊಂಡೇ ತಳ್ಳಿದೆ.

ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಕುರ್ಚಿ ನಿಲ್ಲಿಸಿದೆ. ಬಸ್ಸು, ಸೈಕಲ್ಲು, ಜನ. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಯಾಕೆ ನಿಲ್ಲಿಸಿದೆ?” ಅಂದರು.

“ಅತ್ತೆ, ನಮ್ಮ ಬಟ್ಟೆ ಇಲ್ಲಿಗೇ ಮುಗೀತು.”

ಅವರು ರಸ್ತೆಯ ಆಚೆ ನೋಡಿದರು. ಅಲ್ಲಿ ಇನ್ನೊಂದು ಓಣಿ ಶುರುವಾಗುತ್ತಿತ್ತು, ಇಕ್ಕಟ್ಟಾದ ಮಹಡಿಗಳು, ಒಂದು ಕಿಟಕಿಯಲ್ಲಿ ನಮ್ಮನ್ನೇ ನೋಡುತ್ತಾ ಕೂತಿದ್ದ ಒಬ್ಬ ಮುದುಕಿ. ಅತ್ತೆ ಅವಳಿಗೆ ಕೈಯೆತ್ತಿ ತೋರಿಸಿದರು.

“ದಾಟಿಸೇ,” ಅಂದರು. “ಅವಳ ಮನೆಗೂ ಹಿಂಬಾಗಿಲು ಇದೆಯಾ ಕೇಳೋಣ.”