ಅಕ್ಕಯ್ಯಮ್ಮನ ಮಂಡಿ

“ನೀನು ಆ ಮಂಡಿ ಒತ್ತಿ ಹಿಡ್ಕಳಮ್ಮ ಅಶ್ವತ್ಥಮ್ಮ, ನಾನು ಪಾದ ಎಳೀತೀನಿ,” ಎಂದ ಕೋನಪ್ಪ.

ಜಗಲಿಯ ಮೇಲೆ ಮಲಗಿಸಿದ್ದ ಅಕ್ಕಯ್ಯಮ್ಮನ ಎರಡೂ ಮಂಡಿಗಳು ಹೊದಿಸಿದ ಬಿಳಿ ಬಟ್ಟೆಯನ್ನು ಎತ್ತಿ ನಿಂತಿದ್ದವು. ಚಟ್ಟ ಕಟ್ಟಿ ಮುಗಿದಿತ್ತು. ಕಾಲು ಚಾಚದೆ ಅದರ ಮೇಲೆ ಮಲಗಿಸುವುದು ಹೇಗೆ? ಮೇಲೂರಿನಲ್ಲಿ ಯಾರ ಮನೆಯ ಸಾವಾದರೂ ಮುಂದೆ ನಿಲ್ಲುವವನು ಕೋನಪ್ಪ. ಅವನ ಮಾತು ಮೀರುವ ರೂಢಿ ಇರಲಿಲ್ಲ.

ಅಶ್ವತ್ಥಮ್ಮನ ಕೈ ಮುಂದೆ ಹೋಯಿತು. ಅಕ್ಕನ ಮಂಡಿಚಿಪ್ಪು ಅಂಗೈಗೆ ತಗುಲಿದ್ದೇ ಅಲ್ಲೇ ನಿಂತಿತು.

“ಎಳೀಬ್ಯಾಡ.”

“ಸತ್ತೋರಿಗೆ ನೋವಾಯ್ತದೇನಮ್ಮ?”

“ನಂಗಾಯ್ತದೆ.”

*

ಅಕ್ಕಯ್ಯಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ಜ್ವರ ಬಂದಿತ್ತು. ಜ್ವರ ಇಳಿಯಿತು, ಕೀಲುಗಳ ಬಾವು ಇಳಿಯಲಿಲ್ಲ. ಮಂಡಿ ಮಡಿಸಿದಂತೆಯೇ ಬಿಗಿಯತೊಡಗಿದಾಗ ನಾಟಿ ವೈದ್ಯನೊಬ್ಬ, ದಿನಾ ಸಂಜೆ ಮಂಡಿಯ ಮೇಲೆ ಹಲಗೆಯಿಟ್ಟು ಭಾರ ಹೇರಿ ಎಂದ. ಭಾರವೆಂದರೆ ಆರು ವರ್ಷದ ಅಶ್ವತ್ಥಮ್ಮ.

“ಕೂತ್ಕಳಮ್ಮ, ಅಕ್ಕನ ಒಳ್ಳೇದಕ್ಕೆ,” ಎಂದು ಅಮ್ಮ ಎತ್ತಿ ಕೂರಿಸುತ್ತಿದ್ದಳು.

ಅಕ್ಕಯ್ಯಮ್ಮ ಬಾಯಿಗೆ ಲಂಗದ ಅಂಚು ತುರುಕಿಕೊಳ್ಳುತ್ತಿದ್ದಳು. ಒಮ್ಮೆ ತಂಗಿ ಕೇಳಿದಳು, “ನಾನು ಭಾರಾನಾ ಅಕ್ಕ?”

“ಥೂ, ಹತ್ತಿಯಂಗಿದ್ದೀಯ. ರಾಗಿಮುದ್ದೆ ಇನ್ನೊಂದು ತಿನ್ನೆ.”

ವರ್ಷ ಕಳೆಯಿತು. ಮಂಡಿ ಸೋಲಲಿಲ್ಲ, ಮನೆಯವರು ಸೋತರು.

*

“ಎಳೀದೆ ಇದ್ರೆ ಹೆಂಗೆ ಕರ್ಕೊಂಡೋಗಾದು? ನೀನೇ ಹೇಳು,” ಎಂದ ಕೋನಪ್ಪ.

“ಕೂರಿಸ್ಕೊಂಡು.”

ಕೂರಿಸಿ, ಹೂವಿನ ಪಲ್ಲಕ್ಕಿಯಲ್ಲಿ ಹೊರುವುದು ಮೊಮ್ಮಕ್ಕಳನ್ನು ಕಂಡು ಹೋದವರನ್ನು. ಅಕ್ಕಯ್ಯಮ್ಮನಿಗೆ ಮದುವೆಯೇ ಆಗಿರಲಿಲ್ಲ.

“ನಮ್ಮಲ್ಲಿ ಇಲ್ಲದ್ದು ಕಣಮ್ಮ ಅದು. ಗುಂಡೀನೂ ಉದ್ದಕ್ಕೇ ತೋಡಿಸಿದ್ದೀನಿ.”

“ಇನ್ನೆರಡು ಅಡಿ ಆಳಕ್ಕೆ ತೋಡ್ಸು.”

ಅಶ್ವತ್ಥಮ್ಮನಿಗೆ ತನ್ನ ದನಿ ತನ್ನದೇ ಎನಿಸಲಿಲ್ಲ. ಬಸ್ಸಿನಲ್ಲಿ ಅಕ್ಕನ ಪಕ್ಕ ಯಾರು ಕೂತರೂ ನಡುವೆ ಕೈ ಅಡ್ಡವಿಟ್ಟುಕೊಂಡು ಬಂದವಳು ಅವಳು. ಆದರೆ ಒಮ್ಮೆಯೂ ಬಾಯಿಬಿಟ್ಟು ‘ತಾಗಿಸಬೇಡಿ’ ಎಂದವಳಲ್ಲ. ಈಗ ಜಗಲಿಯ ಕಂಬ ಹಿಡಿದು ನಿಂತಳು.

*

ಎಂಬತ್ತೆರಡನೇ ಇಸವಿಯಲ್ಲಿ ಅಶ್ವತ್ಥಮ್ಮ ಶಿಡ್ಲಘಟ್ಟದ ನಲ್ಲಪ್ಪನ ಶೆಡ್ಡಿನಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚುತ್ತಿದ್ದಳು. ಒಂದು ದಿನ ಜೊತೆಗೆ ಬಂದ ಅಕ್ಕ, ಗೂಡು ಬೇಯುತ್ತಿದ್ದ ನೀರಿಗೆ ಬೆರಳು ಅದ್ದಿಬಿಟ್ಟಳು.

“ಕೈ ತೆಗಿಯಕ್ಕಾ! ಬೆಂದೋಯ್ತದೆ!”

ಅಕ್ಕಯ್ಯಮ್ಮ ಬೆರಳು ತೆಗೆದು, ಮತ್ತೆ ಅದ್ದಿದಳು. ಕಣ್ಣುಗಳು ಮುಚ್ಚಿದ್ದವು. ಎಲ್ಲರ ಬೆರಳಲ್ಲೂ ಬೊಬ್ಬೆಯೇಳಿಸುವ ಆ ಬಿಸಿಯಲ್ಲಿ ಅವಳ ಬೆರಳ ಗಂಟುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು.

“ಇಷ್ಟು ವರ್ಷ ಎಲ್ಲಿತ್ತೇ ಈ ನೀರು?” ಎಂದಳು.

ಎಳೆ ಹಿಡಿಯುವುದನ್ನು ಹದಿನೈದು ದಿನದಲ್ಲಿ ಕಲಿತಳು. ಕಾಲು ಇಳಿಬಿಟ್ಟು ಕೂರಲು ನಲ್ಲಪ್ಪನಿಂದ ಇಟ್ಟಿಗೆಯಲ್ಲಿ ಎತ್ತರದ ಕಟ್ಟೆ ಕಟ್ಟಿಸಿಕೊಂಡಳು. ನೋವೇನೂ ಹೋಗಲಿಲ್ಲ. ಬೆಳಿಗ್ಗೆ ಬೆರಳು ಮಡಿಸಲಾಗದೆ ಕೂತಿರುವಾಗ ಯಾರಾದರೂ ಕರೆದರೆ, “ತಾಳ್ರೇ, ನನ್ನ ಹತ್ತು ಸೊಸೇರು ಇನ್ನೂ ಎದ್ದಿಲ್ಲ,” ಎನ್ನುತ್ತಿದ್ದಳು. ಎಂಬತ್ತಾರರಲ್ಲಿ ಮನೆಯಲ್ಲೇ ರೇಷ್ಮೆ ಬಿಚ್ಚುವ ಸ್ವಂತ ಚರಕ ಹಾಕಿದಳು. ಆಮೇಲಿನ ಹತ್ತು ವರ್ಷ ಮೇಲೂರಿನ ಹೆಂಗಸರಲ್ಲಿ ಅವಳ ಹತ್ತಿರ ಎಳೆ ಹಿಡಿಯಲು ಕಲಿಯದವರು ಕಡಿಮೆ.

*

“ಏಮಪ್ಪಾ ಕೋನಪ್ಪ, ಮೊಮ್ಮಕ್ಕಳು ಬೇಕೇನು?”

ಹೆಂಗಸರ ನಡುವಿನಿಂದ ಎದ್ದವಳು ಅಮ್ಮಾಜಮ್ಮ. ಗಂಡ ಬಿಟ್ಟುಹೋದ ವರ್ಷ ಅಕ್ಕಯ್ಯಮ್ಮನ ಚರಕದ ಮುಂದೆ ಬಂದು ಕೂತಿದ್ದವಳು. ಸೊಂಟದ ಮೇಲಿದ್ದ ಮೊಮ್ಮಗಳನ್ನು ಕೋನಪ್ಪನ ಮುಂದೆ ಹಿಡಿದಳು.

“ಇದು ಒಂದು. ಇದರ ಅವ್ವನ್ನ ಓದ್ಸಿದ್ದು ಆಯಮ್ಮ ಕಲಿಸಿದ ಕೆಲಸ. ಮಂಗಮ್ಮಾ, ನಿಂದೂ ಕರ್ಕೊಂಬಾರೆ.”

ಮಂಗಮ್ಮ ಎದ್ದಳು. ಕೊಂಡಮ್ಮ ಎದ್ದಳು. ಯಾರದೋ ಮೊಮ್ಮಗ ಬರಲೊಲ್ಲೆ ಎಂದು ಅಳತೊಡಗಿದ. ಇನ್ನೊಂದಕ್ಕೆ ಚಡ್ಡಿಯೇ ಇರಲಿಲ್ಲ.

“ಸಾಕೇನಪ್ಪ? ಇಲ್ಲ, ಅಂಗನವಾಡಿಯಿಂದ ಮಿಕ್ಕವನ್ನೂ ಕರೆಸ್ಬೇಕಾ?”

ಸಾವಿನ ಮನೆಯೆಂಬುದನ್ನು ಮರೆತು ಗಂಡಸರು ನಕ್ಕರು. ಕೋನಪ್ಪ ನಗಲಿಲ್ಲ. ಬಟ್ಟೆಯ ಕೆಳಗಿನ ಮಂಡಿಗಳನ್ನು ನೋಡಿದ, ಕಂಬ ಹಿಡಿದು ನಿಂತವಳನ್ನು ನೋಡಿದ. ಆಮೇಲೆ ತಾನೇ ಕಟ್ಟಿದ ಚಟ್ಟದ ಹಗ್ಗ ಬಿಚ್ಚತೊಡಗಿದ.

“ಆವುಲಪ್ಪ, ನಾಲ್ಕು ಬಿದಿರು ತಗೊಂಬಾ. ಚೆಂಡುಹೂವು ಎಷ್ಟೈತೋ ಅಷ್ಟೂ.”

ಮಧ್ಯಾಹ್ನ ಅಕ್ಕಯ್ಯಮ್ಮ ಪಲ್ಲಕ್ಕಿಯಲ್ಲಿ ಕೂತು ಹೊರಟಳು. ಬೆನ್ನಿಗೆ ಹಲಗೆ ಕೊಟ್ಟು ಬಿಗಿದಿದ್ದರು. ಕಾಲುಗಳಿಗೆ ಯಾರೂ ಏನೂ ಮಾಡಬೇಕಾಗಿರಲಿಲ್ಲ. ಅವು ಕೂರುವ ಹಾಗೆಯೇ ಇದ್ದವು. ತಮಟೆ ಮುಂದೆ ಸಾಗಿತು. ಅಶ್ವತ್ಥಮ್ಮ ಪಕ್ಕದಲ್ಲೇ ನಡೆದಳು.

ರಸ್ತೆಗೆ ಬಂದಾಗ ಎದುರಿನಿಂದ ಬರುತ್ತಿದ್ದ ಬಸ್ಸು ಎಂಜಿನ್ ನಿಲ್ಲಿಸಿ ಬದಿಗೆ ನಿಂತಿತು. ಕಿಟಕಿಯಲ್ಲಿದ್ದವರು ಕೈ ಮುಗಿದರು. ಅವರ ಕಣ್ಣಿನ ಎತ್ತರಕ್ಕೆ, ಅವರ ಎದುರೇ, ಅಕ್ಕಯ್ಯಮ್ಮ ಕೂತಿದ್ದಳು.

ಕೆರೆಯ ಕಡೆಗಿನ ಇಳಿಜಾರಿನಲ್ಲಿ ಹುಡಿಮಣ್ಣು, ಗುಂಡಿಗಳು. ಹೊತ್ತವರ ಕಾಲು ಜಾರಿ ಪಲ್ಲಕ್ಕಿ ಒಮ್ಮೆ ವಾಲಿತು. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಕೋನಪ್ಪ ಕೂಗಿದ.

“ಕುಲುಕಬ್ಯಾಡ್ರೋ! ಆಯಮ್ಮನ ಮಂಡಿ ನೋಯ್ತದೆ!”

ತಮಟೆ ನಿಂತಿತು. ನಾಲ್ಕೂ ಜನ ನೆಲ ನೋಡಿಕೊಂಡು, ಒಂದೊಂದೇ ಹೆಜ್ಜೆ ಹುಡುಕಿ ಇಡುತ್ತ, ತುಂಬಿದ ಕೊಡ ಹೊತ್ತವರಂತೆ ಇಳಿಯತೊಡಗಿದರು.